ಮುಸಫ್ಫಾದಲ್ಲಿ ಬೀಳದೆ ಉಳಿದ ಕೋಟೆ

ಮಸಾದ ಕೋಟೆ ಬಿದ್ದು ಎರಡು ಸಾವಿರ ವರ್ಷವಾಗುತ್ತ ಬಂತು. ಬಿದ್ದದ್ದು ಬಿದ್ದೇ ಇರಲಿ ಎಂದು ಬಿಡಬಹುದಿತ್ತು. ಆದರೆ ಗಲ್ಫಿನ ಮುಸಫ್ಫಾದ ಒಂದು ಶಾಲೆಯ ಸಭಾಂಗಣದಲ್ಲಿ, ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ, ಅದನ್ನು ಇನ್ನೊಮ್ಮೆ ಬೀಳಿಸುತ್ತೇವೆಂದು ನಮ್ಮ ಊರಿನ ಕೆಲವು ಗಂಡಸರು ಹೊರಟರು. ಅವರಲ್ಲಿ ನನ್ನ ಗಂಡನೂ ಇದ್ದರು. ಅಂದು ಕೋಟೆ ಬೀಳಲಿಲ್ಲ. ಅದಕ್ಕೆ ನಾನೇ ಕಾರಣ ಎಂದು ಈಗಲೂ ಹೇಳುವವರಿದ್ದಾರೆ. ನಾನು ಅಲ್ಲ ಎನ್ನುವುದಿಲ್ಲ.

ತೈಲದ ಬೆಲೆ ಇಳಿದ ಕಾಲ ಅದು. ನನ್ನ ಗಂಡ ಮುಸಫ್ಫಾದ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ತೈಲದ ಕಂಪನಿಗಳಿಗೆ ಬೇಕಾದ ಕಬ್ಬಿಣದ ಏಣಿ, ಕಟಕಟೆ, ಟ್ಯಾಂಕು ಮಾಡಿಕೊಡುವ ಜಾಗ. ಆರ್ಡರುಗಳು ಕಡಿಮೆಯಾದಾಗ ಕಂಪನಿ ಮೊದಲು ಓವರ್‌ಟೈಮ್ ನಿಲ್ಲಿಸಿತು. ಆಮೇಲೆ ನಮಗೆ ಕೊಟ್ಟಿದ್ದ ಫ್ಲ್ಯಾಟನ್ನು ಹಿಂದಕ್ಕೆ ಕೇಳಿತು. ಶಾಲೆಯ ವರ್ಷ ಮುಗಿಯುವವರೆಗೆ ಇರಬಹುದು, ನಂತರ ಖಲಾಸ್. ಗಂಡಸರಿಗೆ ಕಂಪನಿಯ ಬ್ಯಾಚಲರ್ ಕ್ಯಾಂಪಿನಲ್ಲಿ ಒಂದೊಂದು ಮಂಚ ಸಿಗುತ್ತದೆ. ಹೆಂಡತಿ ಮಕ್ಕಳ ವಿಷಯ ಕಂಪನಿಗೆ ಸಂಬಂಧಿಸಿದ್ದಲ್ಲ.

ದಾರಿ ಇರಲಿಲ್ಲ ಎಂದಲ್ಲ. ನಮ್ಮ ಪರಿಚಯದ ಒಬ್ಬ ಬ್ಯಾರಿ ಸಾಹೇಬರು ಮುಸಫ್ಫಾದಲ್ಲಿ ಸಣ್ಣ ಕೆಫೆಟೇರಿಯಾ ನಡೆಸುತ್ತಿದ್ದರು. ಪುತ್ತೂರಿನ ಕಡೆಯವರು. ಅಲ್ಲೇ ಹತ್ತಿರದ ಬನಿಯಾಸಿನಲ್ಲಿ ಹಳೆಯ ವಿಲ್ಲಾ ಒಂದರ ಮಹಡಿಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದರು, ಅವರ ಪಕ್ಕದ ಕೋಣೆ ಖಾಲಿ ಇತ್ತು. ಅಡುಗೆಮನೆ, ಬಾತ್‌ರೂಮು ಎರಡು ಸಂಸಾರಕ್ಕೂ ಸೇರಿ ಒಂದೇ. “ಬೇಕಾದ್ರೆ ಬನ್ನಿ ಅಕ್ಕ, ನಮ್ಮ ಹೆಂಗಸ್ರಿಗೂ ಮಾತಾಡ್ಲಿಕ್ಕೆ ಜನ ಆಯ್ತು” ಎಂದು ಅವರೇ ಹೇಳಿದ್ದರು. ನಾನು ಖುಷಿಯಿಂದ ಬಂದು ಮನೆಯಲ್ಲಿ ಹೇಳಿದೆ.

“ಶೇರಿಂಗಾ?” ಎಂದು ನನ್ನ ಗಂಡ ಊಟದ ಬಟ್ಟಲಿನಿಂದ ಕೈ ತೆಗೆದರು. “ನನ್ನ ಹೆಂಡತಿ, ನನ್ನ ಮಗಳು ಶೇರಿಂಗಿನಲ್ಲಿ ಇರುದಾ? ಹನ್ನೊಂದು ವರ್ಷ ಗಲ್ಫಿನಲ್ಲಿ ಇದ್ದು ಕಡೆಗೆ ಒಂದು ಬಾತ್‌ರೂಮಿಗೆ ಕ್ಯೂ ನಿಲ್ಲುದಾ? ಊರಿನಲ್ಲಿ ಗೊತ್ತಾದ್ರೆ ಮರ್ಯಾದೆ ಉಂಟಾ?”

“ಊರಿನವರಿಗೆ ಬಾತ್‌ರೂಮಿನ ಫೋಟೊ ಕಳಿಸ್ಬೇಕು ಅಂತ ಎಂತ ಇಲ್ವಲ್ಲ” ಎಂದೆ.

“ತಮಾಷೆ ಬೇಡ. ನೀವಿಬ್ರು ಊರಿಗೆ ಹೋಗಿ. ನಾನು ಕ್ಯಾಂಪಿನಲ್ಲಿ ಹೇಗಾದ್ರೂ ಇರ್ತೇನೆ.”

ನನಗೆ ಊರಿನ ಮೇಲೆ ಕೋಪವೇನಿಲ್ಲ. ಆದರೆ ನನ್ನ ಬದುಕು ಇಲ್ಲಿತ್ತು. ಒಂದು ನರ್ಸರಿಯಲ್ಲಿ ಪುಟ್ಟ ಮಕ್ಕಳಿಗೆ ಊಟ ಮಾಡಿಸುವ ಕೆಲಸ ಇತ್ತು, ಮಗಳು ಆರನೆಯ ಕ್ಲಾಸಿನಲ್ಲಿ ಇದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ನಾವು ಮೂರು ಜನ ಒಂದೇ ಸೂರಿನ ಕೆಳಗೆ ಇರಬೇಕಿತ್ತು. ವರ್ಷಕ್ಕೊಮ್ಮೆ ಸೂಟ್‌ಕೇಸಿನೊಂದಿಗೆ ಬರುವ ಗಂಡ, ಅಪ್ಪನನ್ನು ನೆಂಟನನ್ನು ನೋಡಿದ ಹಾಗೆ ನೋಡುವ ಮಗಳು, ಇದು ನನಗೆ ಬೇಡವಾಗಿತ್ತು. ಅತ್ತು ಜಗಳವಾಡಿದೆ, ಎರಡು ದಿನ ಮಾತು ಬಿಟ್ಟೆ. ಕೊನೆಗೆ ಅವರು “ಆಯ್ತು ಮಾರಾಯ್ತಿ, ಇವಳ ಪರೀಕ್ಷೆ ಮುಗೀಲಿ, ಮತ್ತೆ ಆಲೋಚನೆ ಮಾಡುವ” ಎಂದರು. ನಾನು ನಂಬಿದೆ.

ಇದೇ ಹೊತ್ತಿಗೆ ತಾಳಮದ್ದಲೆಯ ಸುದ್ದಿ ಬಂತು.

ತಾಳಮದ್ದಲೆ ನೋಡದವರಿಗೆ ಎರಡು ಮಾತು ಹೇಳಬೇಕು. ಅದು ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಪಾತ್ರದವರು ಪಂಚೆ ಉಟ್ಟು, ಶಾಲು ಹೊದ್ದು, ಸಾಲಾಗಿ ಕುರ್ಚಿಯಲ್ಲಿ ಕೂತು ಅರ್ಥ ಹೇಳುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಿನವನು ಪ್ರಶ್ನೆ ಎಸೆದರೆ ಉತ್ತರ ಅಲ್ಲೇ ಹುಟ್ಟಬೇಕು. ಆದರೆ ಒಂದು ಕಟ್ಟುಪಾಡು ಉಂಟು: ಕಥೆಯಲ್ಲಿ ಸೋಲಬೇಕಾದವನು ಎಷ್ಟು ಚೆನ್ನಾಗಿ ವಾದ ಮಾಡಿದರೂ ಹದ ನೋಡಿ ಬಿಟ್ಟುಕೊಡಬೇಕು. ರಾಕ್ಷಸನ ಅರ್ಥ ಹೇಳುವವರು ಎಷ್ಟು ದೊಡ್ಡ ಪಂಡಿತರಾದರೂ ದೇವರನ್ನು ಕೊಂದು ಮನೆಗೆ ಹೋಗುವಂತಿಲ್ಲ. ಕೊನೆಯಲ್ಲಿ ಮಂಗಳ ಹಾಡಲೇಬೇಕು.

ನಮ್ಮ ಭಾಗವತರು ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲಿ ಯಾವುದೋ ಆಫೀಸಿನಲ್ಲಿ ಟೈ ಕಟ್ಟಿ ಕೂರುವವರು. ಶುಕ್ರವಾರ ಬಂದರೆ ಟೈ ಬಿಚ್ಚಿ, ಜಾಗಟೆ ತಾಳ ಹಿಡಿದು ಮುಸಫ್ಫಾಕ್ಕೆ ಕಾರು ಓಡಿಸುತ್ತಿದ್ದರು. ಅವರು ಟಿವಿಯಲ್ಲಿ ಮಸಾದದ ಮೇಲೆ ಏನೋ ನೋಡಿದ್ದರು. ಮಂಡೆಗೆ ಹತ್ತಿತು. ಹದಿನೈದು ದಿನದಲ್ಲಿ ಅರುವತ್ತು ಪದ್ಯ ಬರೆದು ತಂದರು. “ಪುರಾಣದ ಪ್ರಸಂಗ ಎಷ್ಟೂಂತ ಮಾಡುದು ಮಾರಾಯ್ರೆ? ಇದು ನೋಡಿ, ಹೊಸ ಸರಕು” ಎಂದರು.

ಕಥೆ ಹೀಗೆ. ಸತ್ತ ಸಮುದ್ರದ ಹತ್ತಿರ ಒಂದು ಬೋಳು ಬೆಟ್ಟ. ಅದರ ತಲೆಯ ಮೇಲೆ ಹಿಂದಿನ ಯಾವನೋ ರಾಜ ಹೆದರಿ ಕಟ್ಟಿಸಿಕೊಂಡ ಕೋಟೆ. ಅರಮನೆ, ಸ್ನಾನದ ಮನೆ, ವರ್ಷಗಟ್ಟಲೆ ಸಾಲುವ ಧಾನ್ಯ, ಬಂಡೆ ಕೊರೆದು ಮಾಡಿದ ಆಳವಾದ ನೀರುಗುಂಡಿಗಳು. ರೋಮನರ ವಿರುದ್ಧ ದಂಗೆ ಎದ್ದ ಯೆಹೂದಿಗಳ ಒಂದು ಗುಂಪು ಸಂಸಾರ ಸಮೇತ ಅಲ್ಲಿ ಸೇರಿಕೊಂಡಿತು. ರೋಮನ್ ಸೇನಾಪತಿ ಬೆಟ್ಟದ ಸುತ್ತ ಗೋಡೆ ಹಾಕಿಸಿದ. ಬೆಟ್ಟಕ್ಕೆ ಒರಗಿಸಿ ಮಣ್ಣು ಕಲ್ಲಿನ ದಿಬ್ಬ ಎಬ್ಬಿಸಿದ. ಅದರ ಮೇಲೆ ಗೋಪುರ ಏರಿಸಿ ದಿಮ್ಮಿಯಿಂದ ಗುದ್ದಿ ಗುದ್ದಿ ಕೋಟೆಗೋಡೆ ಒಡೆದ. ಬೆಳಗಾದರೆ ಒಳಗೆ ನುಗ್ಗುತ್ತಾರೆ ಎಂದಾದಾಗ ಕೋಟೆಯ ನಾಯಕ ಗಂಡಸರನ್ನು ಸೇರಿಸಿ ಭಾಷಣ ಮಾಡಿದ. ಗುಲಾಮರಾಗುವುದಕ್ಕಿಂತ ಸಾಯೋಣ, ನಮ್ಮ ಹೆಂಗಸರು ಮಾನಗೆಡುವ ಮೊದಲು ಹೋಗಿಬಿಡಲಿ ಎಂದ. ಗಂಡಸರು ಒಪ್ಪಿದರು. ಒಬ್ಬೊಬ್ಬನೂ ತನ್ನ ತನ್ನ ಹೆಂಡತಿ ಮಕ್ಕಳನ್ನು ತಬ್ಬಿಕೊಂಡು ಅತ್ತು ಕೊಂದ. ಉಳಿದ ಗಂಡಸರನ್ನು ಕೊಲ್ಲಲು ಹತ್ತು ಜನರನ್ನು ಚೀಟಿ ಎತ್ತಿ ಆರಿಸಿದರು, ಆ ಹತ್ತರಲ್ಲಿ ಕೊನೆಯವನು ಯಾರೆಂದು ಮತ್ತೆ ಚೀಟಿ. ಕಾಗದವಿಲ್ಲದ ಕಾಲ, ಮಡಕೆಯ ಚೂರುಗಳ ಮೇಲೆ ಹೆಸರು. ಬೆಳಿಗ್ಗೆ ರೋಮನರು ಬಂದಾಗ ಒಂಬೈನೂರ ಅರುವತ್ತು ಹೆಣ.

ಇದೆಲ್ಲ ಹೊರಗೆ ಗೊತ್ತಾದದ್ದು ನೆಲದಡಿಯ ನೀರುಗುಂಡಿಯೊಳಗೆ ಅಡಗಿ ಕೂತು ಉಳಿದ ಇಬ್ಬರು ಹೆಂಗಸರಿಂದ. ಜೊತೆಗೆ ಐದು ಮಕ್ಕಳು. ಆ ಇಬ್ಬರಲ್ಲಿ ಒಬ್ಬಳು ನಾಯಕನ ಬಂಧು, ಹೆಚ್ಚಿನ ಹೆಂಗಸರಿಗಿಂತ ಬುದ್ಧಿವಂತೆ ಎಂದು ಆ ಕಾಲದ ಇತಿಹಾಸಕಾರ ಬರೆದಿಟ್ಟಿದ್ದಾನಂತೆ. ಗಂಡಸರಿಗಿಂತ ಎಂದು ಬರೆಯಲು ಪುಣ್ಯಾತ್ಮನಿಗೆ ಕೈ ಬರಲಿಲ್ಲ. ಅಷ್ಟು ಜನರಲ್ಲಿ ಕೆಳಗೆ ಇಳಿದು ಕೂರುವ ಬುದ್ಧಿ ಬಂದದ್ದು ಇಬ್ಬರಿಗೆ, ಇಬ್ಬರೂ ಹೆಂಗಸರು. ಇಷ್ಟಾದರೂ ಕಥೆ ಗಂಡಸರ ಶೌರ್ಯದ್ದು.

ನಾಯಕನ ಅರ್ಥ ನನ್ನ ಗಂಡನಿಗೆ ಸಿಕ್ಕಿತು. ಸಿಗಲೇಬೇಕು, ಅಷ್ಟು ಗಟ್ಟಿ ಸ್ವರ ನಮ್ಮಲ್ಲಿ ಇನ್ನೊಬ್ಬರಿಗೆ ಇಲ್ಲ. ರೋಮನ್ ಸೇನಾಪತಿ ನಮ್ಮ ಕೆಫೆಟೇರಿಯಾದ ಸಾಹೇಬರು. ಅವರ ಕನ್ನಡ ಕೇಳಿದರೆ ನಾವು ನಾಚಿಕೊಳ್ಳಬೇಕು, ಅಷ್ಟು ಶುದ್ಧ. ಕಾರ್ಯಕ್ರಮ ಇಟ್ಟುಕೊಂಡಿದ್ದ ನಮ್ಮ ಊರವರ ಸಂಘದ ಹಿರಿಯರೊಬ್ಬರಿಗೆ ಮಾತ್ರ ಭಯ. “ಯೆಹೂದಿ ಗಿಹೂದಿ ಅಂತ ಇಲ್ಲಿ ಹೇಳುದು ಬೇಡ, ಯಾಕೆ ರಗಳೆ? ಬೆಟ್ಟದವರು ಅಂತ ಹೇಳಿ ಸಾಕು” ಎಂದರು. ಯಾರೂ ಏನೂ ಕೇಳಿರಲಿಲ್ಲ. ಗಲ್ಫಿನಲ್ಲಿ ನಮ್ಮವರಿಗೆ ಭಯ ಮೊದಲು ಬರುತ್ತದೆ, ಕಾರಣವನ್ನು ಆಮೇಲೆ ಹುಡುಕುತ್ತಾರೆ. ಅಂತೂ ಪಾಪದ ಯೆಹೂದಿಗಳು ಬೆಟ್ಟದವರಾದರು.

ಪ್ರತಿ ಶುಕ್ರವಾರ ನಮ್ಮ ಫ್ಲ್ಯಾಟಿನಲ್ಲೇ ಅಭ್ಯಾಸದ ಕೂಟ. ನನ್ನ ಗಂಡ ಒಂದು ಇಡೀ ಶುಕ್ರವಾರ ಆ ಮುತ್ತಿಗೆಯ ಗೋಪುರದ ಮೇಲೆ ಕಳೆದರು. ಅದಕ್ಕೆ ಕಬ್ಬಿಣದ ತಗಡು ಹೊದೆಸಿದ್ದರಂತೆ. ತಗಡಿನ ಜಾಯಿಂಟು ಹೇಗೆ ಮಾಡಿದರು, ವೆಲ್ಡಿಂಗ್ ಇಲ್ಲದ ಕಾಲದಲ್ಲಿ ರಿವೆಟ್ ಹೊಡೆದರೇ, ಅಷ್ಟು ಭಾರವನ್ನು ಹಸಿ ಮಣ್ಣಿನ ದಿಬ್ಬ ತಡೆಯುತ್ತದೆಯೇ ಎಂದು ಅವರಿಗೆ ಚಿಂತೆ. “ನಮ್ಮ ಇನ್ಸ್‌ಪೆಕ್ಟರ್ ಆದ್ರೆ ಪಾಸ್ ಮಾಡ್ತಿರ್ಲಿಲ್ಲ” ಎಂದು ತೀರ್ಪು ಕೊಟ್ಟರು. ಸೇನಾಪತಿಗಳು ತಾಳ್ಮೆಯಿಂದ “ನೀವು ಒಳಗೆ ಇರುವವರು, ಗೋಪುರ ನನ್ನದು. ನನ್ನ ಚಿಂತೆ ನನಗೆ ಬಿಡಿ” ಎಂದರು.

ಭಾಗವತರ ಮಂಡೆಬಿಸಿ ಬೇರೆ. “ಎಲ್ಲ ಸತ್ತು ಬಿದ್ದ ಮೇಲೆ ಮಂಗಳ ಹೇಗೆ ಹಾಡುದು ಮಾರಾಯ್ರೆ? ಅಷ್ಟು ಹೆಣದ ಎದುರು ಮಂಗಳಂ ಅಂದ್ರೆ ಜನ ಚಪ್ಪಲಿ ಬಿಸಾಡಿಯಾರು.” ಇದಕ್ಕೆ ಉತ್ತರ ಯಾರಲ್ಲೂ ಇರಲಿಲ್ಲ.

ಕಾರ್ಯಕ್ರಮಕ್ಕೆ ಎರಡು ವಾರ ಇರುವಾಗ, ಹೆಣ್ಣಿನ ಅರ್ಥ ಹೇಳಬೇಕಾಗಿದ್ದ ಗಡ್ಡದ ಡ್ರಾಫ್ಟ್ಸ್‌ಮನ್ ಒಬ್ಬರನ್ನು ಅವರ ಕಂಪನಿ ಸಮುದ್ರದ ನಡುವಿನ ದ್ವೀಪದ ಕೆಲಸಕ್ಕೆ ಹಾಕಿತು. ಅವರದು ನಾಯಕನ ಹೆಂಡತಿಯ ಪಾತ್ರ. ಇತಿಹಾಸದ ಬಂಧುವನ್ನು ಭಾಗವತರು ಹೆಂಡತಿ ಮಾಡಿಬಿಟ್ಟಿದ್ದರು, ಪ್ರಸಂಗಕ್ಕೆ ಗಂಡ ಹೆಂಡಿರ ಸಂವಾದ ಒಂದು ಬೇಕಲ್ಲ ಎಂದು. ಎಲ್ಲರೂ ತಲೆಗೆ ಕೈ ಇಟ್ಟು ಕೂತರು. ನಾನು ಚಾ ಹಿಡಿದುಕೊಂಡು ನಿಂತಿದ್ದೆ.

“ನಾನಿದ್ದೇನಲ್ಲ” ಎಂದೆ.

ಯಾರೂ ಚಾ ತೆಗೆದುಕೊಳ್ಳಲಿಲ್ಲ. ನನ್ನ ಅಪ್ಪ ಊರಿನಲ್ಲಿ ಅರ್ಥಧಾರಿ. ಅವರ ಕೂಟಗಳಿಗೆ ಕಾಫಿ ಕೊಡುತ್ತ ಬಾಗಿಲ ಸಂದಿಯಲ್ಲಿ ನಿಂತು ಕೇಳಿದ್ದೇ ನನ್ನ ವಿದ್ಯೆ. ಒಮ್ಮೆ “ನಾನೂ ಹೇಳ್ತೇನೆ ಅಪ್ಪ” ಅಂದದ್ದಕ್ಕೆ ಎಲ್ಲ ನಕ್ಕು, ಇನ್ನೊಂದು ಸುತ್ತು ಕಾಫಿ ತರಲು ಕಳಿಸಿದ್ದರು.

“ನೀನು ಎಂತ ಹೇಳ್ತಿ ಅಲ್ಲಿ?” ಎಂದು ನನ್ನ ಗಂಡ ಕೇಳಿದರು.

“ನೀವೆಲ್ಲ ಸತ್ತ ಮೇಲೆ ಉಳಿದವಳು ಎಂತ ಹೇಳಿದಳೋ, ಅದನ್ನೇ.”

ಸಾಹೇಬರು ಜೋರಾಗಿ ನಕ್ಕರು. ಭಾಗವತರು ಮುಳುಗುವವರು, ಯಾವ ಕೈ ಸಿಕ್ಕಿದರೂ ಹಿಡಿಯುವ ಸ್ಥಿತಿ. “ಆಯ್ತು ಅಕ್ಕ. ಎರಡು ಪ್ರಶ್ನೆ ಕೇಳಿ. ಅವರು ಉತ್ತರ ಹೇಳ್ತಾರೆ. ನಾನು ತಾಳ ಎತ್ತಿದ ಕೂಡ್ಲೆ ‘ತಮ್ಮ ಚಿತ್ತ’ ಅಂತ ಹೇಳಿ ತಲೆ ತಗ್ಗಿಸಿ. ಮತ್ತೆ ಆ ಕೊನೆಯ ಕುರ್ಚಿಗೆ ಹೋಗಿ ಕೂತ್ಕೊಳ್ಳಿ. ಅದು ನೀರಿನ ಗುಂಡಿ. ನೀವು ಸೋಲ್ಬೇಕಾದವ್ರು, ಅದೊಂದು ನೆನಪಿರ್ಲಿ.”

ಆ ಎರಡು ವಾರ ನನ್ನ ಗಂಡ ಕನ್ನಡಿಯ ಎದುರು ಮಾನ, ಅಭಿಮಾನ, ಮರಣ ಎಂದು ಅಭ್ಯಾಸ ಮಾಡಿದರು. ಮಗಳು ಸೋಫಾದಲ್ಲಿ ಕಾಲು ಮಡಚಿ ಕೂತು ಕೇಳುತ್ತಿದ್ದಳು. ನಾನು ಅವಳಿಗೆ ಕಥೆ ಹೇಳಿದೆ. ಅವಳು ಪೂರ್ತಿ ಕೇಳಿ, ತಿನ್ನುತ್ತಿದ್ದ ಚಿಪ್ಸ್ ಕೆಳಗಿಟ್ಟು, “ಬಟ್ ಅಮ್ಮಾ, ಡಿಡ್ ಎನಿಬಡಿ ಆಸ್ಕ್ ದ ಕಿಡ್ಸ್?” ಎಂದಳು.

“ಮಕ್ಕಳನ್ನು ಯಾರು ಕೇಳ್ತಾರೆ? ಹೆಂಗಸರನ್ನೇ ಕೇಳಿರ್ಲಿಕ್ಕಿಲ್ಲ” ಎಂದೆ.

“ದಟ್ಸ್ ಸೋ ರೂಡ್” ಎಂದು ಮತ್ತೆ ಚಿಪ್ಸ್ ಎತ್ತಿಕೊಂಡಳು. ಈ ಮಾತು ನನ್ನೊಳಗೆ ಕೂತಿತು.

ಆ ಶುಕ್ರವಾರ ಸಭಾಂಗಣ ತುಂಬಿತ್ತು. ಸುಮಾರು ಮುನ್ನೂರು ಜನ, ಅರ್ಧಕ್ಕರ್ಧ ಕ್ಯಾಂಪಿನ ಬ್ಯಾಚಲರುಗಳು. ಬ್ಯಾಚಲರ್ ಎಂದರೆ ಮದುವೆಯಾಗದವರಲ್ಲ, ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದವರು. ಕಂಪನಿಯ ಬಸ್ಸಿನಲ್ಲಿ ಬಂದು, ಬಿರಿಯಾನಿಯ ವಾಸನೆ ಹಿಡಿದು, ಹಿಂದಿನ ಸಾಲುಗಳಲ್ಲಿ ಒತ್ತಾಗಿ ಕೂತಿದ್ದರು. ನಾನು ಹಸಿರು ಸೀರೆ ಉಟ್ಟು ವೇದಿಕೆಯಲ್ಲಿ ಎರಡನೆಯ ಕುರ್ಚಿಯಲ್ಲಿ ಕೂತೆ.

ಸೇನಾಪತಿಗಳು ಮೊದಲ ಅರ್ಧ ಗಂಟೆಯಲ್ಲಿ ದಿಬ್ಬ ಕಟ್ಟಿದರು, ಗೋಪುರ ಏರಿಸಿದರು, ಗೋಡೆ ಒಡೆದರು. ಎಲ್ಲವನ್ನೂ ಮಾತಿನಲ್ಲೇ, ಕುರ್ಚಿಯಿಂದ ಏಳದೆ. ಜನ ಚಪ್ಪಾಳೆ ಹೊಡೆದರು. ನಂತರ ನನ್ನ ಗಂಡನ ಸರದಿ. ಇಪ್ಪತ್ತೈದು ನಿಮಿಷ ಹೇಳಿದರು. ಸುಳ್ಳು ಯಾಕೆ ಹೇಳಬೇಕು, ಅದ್ಭುತವಾಗಿ ಹೇಳಿದರು. ಮುಂದಿನ ಸಾಲಿನಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ನನಗೇ ಒಂದು ಗಳಿಗೆ ಸಾಯಬಹುದೇನೋ ಅನ್ನಿಸಿತು.

ಆಮೇಲೆ ನನ್ನತ್ತ ತಿರುಗಿ, “ಪ್ರಿಯೆ, ಬೆಳಗಾಗುವ ಮುನ್ನ ನೀನೂ ನಮ್ಮ ಕಂದನೂ ಈ ಲೋಕದ ಅವಮಾನವನ್ನು ದಾಟಿ ಹೋಗಬೇಕು. ನನ್ನ ನಿರ್ಧಾರ ಅಚಲ” ಎಂದರು.

ನಾನು ಮೊದಲ ಪ್ರಶ್ನೆ ಕೇಳಿದೆ. “ಸ್ವಾಮೀ, ಉಗ್ರಾಣದ ಧಾನ್ಯವನ್ನು ಸುಡದೆ ಹಾಗೆಯೇ ಬಿಡಬೇಕೆಂದು ಆಜ್ಞೆ ಮಾಡಿದಿರಂತೆ?”

“ಹೌದು. ನಾವು ಹಸಿವಿಗೆ ಅಂಜಿ ಸತ್ತವರಲ್ಲ ಎಂದು ವೈರಿಗೆ ತಿಳಿಯಬೇಕು.”

“ಆ ಹಿಟ್ಟನ್ನು ಬೀಸಿದವಳು ನಾನು. ವೈರಿ ಬಂದು ನನ್ನ ಹಿಟ್ಟಿನಲ್ಲಿ ರೊಟ್ಟಿ ಸುಟ್ಟು ತಿನ್ನಬಹುದು, ಬೀಸಿದವಳು ಮಾತ್ರ ಉಳಿಯಬಾರದು. ಇದು ಯಾವ ನ್ಯಾಯ?”

ಸಭೆ ನಕ್ಕಿತು. ನನ್ನ ಗಂಡ ಗಂಟಲು ಸರಿಮಾಡಿಕೊಂಡು, ಹಿಟ್ಟಿಗೆ ಮಾನವಿಲ್ಲ, ಮನುಷ್ಯರಿಗೆ ಉಂಟು ಎಂದು ಚೆನ್ನಾಗಿಯೇ ಜಾರಿಕೊಂಡರು.

ಎರಡನೆಯ ಪ್ರಶ್ನೆ. “ಯಾರ ಮಾನ ಸ್ವಾಮೀ? ಈ ಬೆಟ್ಟದ ತುದಿಗೆ ನೀರು ಹೊತ್ತವಳು ನಾನು. ಹೊರುವಾಗ ಹೋಗದ ಮಾನ ಇಳಿಯುವಾಗ ಹೋಗುತ್ತದೆಯೇ? ಅಂಜಿಕೆ ನಿಮ್ಮದು. ಅದಕ್ಕೆ ನನ್ನ ಹೆಸರು ಯಾಕೆ?”

ಭಾಗವತರು ತಾಳ ಎತ್ತಿದರು. ನಾನು ಸೋಲಬೇಕಾದ ಜಾಗ ಅದೇ. ‘ತಮ್ಮ ಚಿತ್ತ’ ಎಂಬ ಎರಡು ಶಬ್ದ ಬಾಯಿಯ ತನಕ ಬಂದಿತ್ತು. ಆಗ ಮೂರನೆಯ ಸಾಲಿನಲ್ಲಿ ನನ್ನ ಮಗಳು ಕಂಡಳು. ಬೆರಳು ಕಚ್ಚುತ್ತ ನನ್ನನ್ನೇ ನೋಡುತ್ತಿದ್ದಳು.

“ಇನ್ನೊಂದು ಮಾತು ಉಂಟು” ಎಂದೆ. “ಈ ನಿರ್ಧಾರ ಮಾಡುವ ಮೊದಲು ಗಂಡಸರನ್ನೆಲ್ಲ ಕರೆದು ಕೇಳಿದಿರಿ. ನನ್ನನ್ನು ಕೇಳಿದಿರಾ? ಮಗುವನ್ನು ಕೇಳಿದಿರಾ?”

ಭಾಗವತರು ಎತ್ತಿದ ತಾಳವನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟರು. ವಾದ ಕಾವೇರಿದಾಗ ಹಾಡಿ ಕೆಡಿಸುವ ಭಾಗವತ ಭಾಗವತನೇ ಅಲ್ಲ. ನನ್ನ ಗಂಡನಿಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. ಒಪ್ಪಂದದಲ್ಲಿ ಇಲ್ಲದ ಪ್ರಶ್ನೆ, ಅದೂ ಸಭೆಯ ಎದುರು, ಅದೂ ಹೆಂಡತಿಯಿಂದ. ಶಾಲು ಕೊಡವಿ, ಕೋಟೆ, ರೋಮ್, ಎರಡು ಸಾವಿರ ವರ್ಷ ಎಲ್ಲ ಮರೆತು ಕಿರುಚಿದರು.

“ಕೇಳ್ಲಿಕ್ಕೆ ಎಂತ ಉಂಟು ಅದರಲ್ಲಿ? ಟಿಕೆಟ್ ಮಾಡಿ ಆಗಿದೆ!”

ಮುನ್ನೂರು ಜನ ಕುರ್ಚಿಯಿಂದ ಬೀಳುವಂತೆ ನಕ್ಕರು. ಮದ್ದಲೆಯವನು ನಗು ತಡೆಯಲಾರದೆ ಮದ್ದಲೆಯ ಮೇಲೆ ತಲೆ ಇಟ್ಟ. ನಾನು ನಗಲಿಲ್ಲ. ಟಿಕೆಟ್ ಮಾಡಿದ್ದು ನನಗೆ ಗೊತ್ತಾದದ್ದು ಆ ಕ್ಷಣ. ಆಲೋಚನೆ ಮಾಡುವ, ಪರೀಕ್ಷೆ ಮುಗೀಲಿ ಎಂದವರು ಹಿಂದಿನಿಂದ ಎಲ್ಲ ಮುಗಿಸಿ ಕೂತಿದ್ದರು. ಎದ್ದು ಹೋಗಿಬಿಡಲೇ ಅನ್ನಿಸಿತು. ಸಿಟ್ಟು ನನ್ನನ್ನು ಕುರ್ಚಿಯಲ್ಲೇ ಹಿಡಿದು ಕೂರಿಸಿತು.

ನಗು ನಿಲ್ಲುವವರೆಗೆ ಕಾದೆ. ಮತ್ತೆ ಪಾತ್ರದ ಭಾಷೆಯಲ್ಲೇ, ಮೆಲ್ಲಗೆ ಕೇಳಿದೆ.

“ಪ್ರಯಾಣದ ದಿನ ಗೊತ್ತಾದದ್ದು ಸಂತೋಷ, ಸ್ವಾಮೀ. ನಾನೂ ಮಗುವೂ ಹೊರಟ ಮೇಲೆ ತಾವು ಎಲ್ಲಿ ಮಲಗುವಿರಿ?”

ಅವರು ಶಾಲಿನ ಅಂಚು ಎಳೆದುಕೊಂಡರು.

“ಇನ್ನೂ ಐದು ಜನ ಸೈನಿಕರೊಂದಿಗೆ ಒಂದೇ ಬಿಡಾರದಲ್ಲಿ, ಒಬ್ಬರ ಮೇಲೊಬ್ಬರು ಮಂಚ ಹಾಕಿ ಮಲಗುವಿರಂತೆ. ಬೆಳಿಗ್ಗೆ ಚೊಂಬು ಹಿಡಿದು ಸರದಿಯಲ್ಲಿ ನಿಲ್ಲುವಿರಂತೆ. ಅದರಲ್ಲಿ ಮಾನಹಾನಿ ಇಲ್ಲ. ನಾವು ಮೂವರು ಒಂದೇ ಕೋಣೆಯಲ್ಲಿ ಒಟ್ಟಿಗೆ ಇದ್ದರೆ ಮಾನಹಾನಿ. ಇದು ಹೇಗೆಂದು ಈ ಸಭೆಗೆ ಸ್ವಲ್ಪ ಬಿಡಿಸಿ ಹೇಳಿ.”

ಈಗ ಯಾರೂ ನಗಲಿಲ್ಲ. ಹಿಂದಿನ ಸಾಲುಗಳಲ್ಲಿ ಕೂತಿದ್ದವರೆಲ್ಲ ಹಾಗೆ ಮಂಚದ ಮೇಲೆ ಮಂಚ ಹಾಕಿ ಮಲಗಿ, ಫೋನಿನಲ್ಲಿ ಮಕ್ಕಳ ಮುಖ ನೋಡುವವರು. ಕೊನೆಗೆ ಅಲ್ಲಿಂದಲೇ ಒಬ್ಬರು, ಕೂಗಿಯೂ ಅಲ್ಲ, ಮಾತಾಡಿದ ಹಾಗೆ, “ಸರಿ ಕೇಳಿದ್ರಿ ಅಕ್ಕ” ಎಂದರು.

ನನಗೆ ಪಾತ್ರದ ಭಾಷೆ ಅಲ್ಲಿಗೆ ಮುಗಿಯಿತು. “ನನಗೆ ಅರಮನೆ ಬೇಡ ಮಾರಾಯ್ರೆ. ನೀರಿನ ಗುಂಡಿಯಾದ್ರೂ ಆದೀತು. ನೀವು ಅದರಲ್ಲಿ ಇರ್ಬೇಕು, ಅಷ್ಟೇ” ಎಂದೆ.

ತಾಳಮದ್ದಲೆಯಲ್ಲಿ ಉತ್ತರ ಇಲ್ಲದವನು ಏನು ಮಾಡಬೇಕೆಂದು ನನ್ನ ಗಂಡನಿಗೆ ಚೆನ್ನಾಗಿ ಗೊತ್ತು. ಶಾಲನ್ನು ಹೆಗಲಿನಿಂದ ತೆಗೆದು ತೊಡೆಯ ಮೇಲೆ ಮಡಚಿ ಇಟ್ಟರು.

“ನಿರುತ್ತರನಾದೆ” ಎಂದರು.

ಮುಗಿಯಿತು. ಕೋಟೆಯ ನಾಯಕನೇ ಸೋತ. ಇನ್ನು ಸಾಯುವವರು ಯಾರು? ಚೀಟಿ ಎತ್ತುವ ಪದ್ಯ, ತಬ್ಬಿಕೊಂಡು ಅಳುವ ಪದ್ಯ, ಎಲ್ಲ ಭಾಗವತರ ಪುಸ್ತಕದಲ್ಲೇ ಉಳಿದವು. ಅವರು ಹಾಳೆ ಮುಂದೆ ತಿರುವಿ, ಹಿಂದೆ ತಿರುವಿ, ದಿಕ್ಕು ತೋರದೆ ಸೇನಾಪತಿಯ ಪ್ರವೇಶದ ಪದ್ಯ ಎತ್ತಿಬಿಟ್ಟರು. ಆ ಪದ್ಯದಲ್ಲಿ ಸೇನಾಪತಿ ಬಂದು, ಎಲ್ಲೆಲ್ಲೂ ಹೆಣ ಕಂಡು, ಜಯವೇ ಬರಿದಾಯಿತೆಂದು ಗೋಳಿಡಬೇಕು. ಸಾಹೇಬರು ಆ ಗೋಳಿಗಾಗಿ ಎರಡು ತಿಂಗಳು ತಯಾರಿ ಮಾಡಿದ್ದರು. ಈಗ ನೋಡಿದರೆ ಹೆಣಗಳೆಲ್ಲ ಜೀವಂತ.

ಪುಣ್ಯಾತ್ಮ ಒಂದು ಕ್ಷಣವೂ ತಡವರಿಸಲಿಲ್ಲ. “ಏನಿದು ಸೋಜಿಗ! ಇಷ್ಟು ದೊಡ್ಡ ದಿಬ್ಬ ಕಟ್ಟಿ, ಗೋಪುರ ಏರಿಸಿ, ಗೋಡೆ ಒಡೆದು ಒಳಗೆ ಬಂದರೆ, ಇವರಿನ್ನೂ ಸಂಸಾರದ ಚರ್ಚೆಯನ್ನೇ ಮುಗಿಸಿಲ್ಲ! ಸೈನಿಕರೇ, ಇವರ ನಡುವೆ ನಾವು ಬಾಯಿ ಹಾಕುವುದು ಕ್ಷೇಮವಲ್ಲ.” ಹಾಗೆಂದು ನನ್ನ ಗಂಡನತ್ತ ತಿರುಗಿ, “ಅಯ್ಯಾ ದುರ್ಗಾಧಿಪತಿ, ರೋಮ್ ಸಾಮ್ರಾಜ್ಯದಲ್ಲಿ ಒಂದು ಕೋಣೆ ಇನ್ನೂ ಖಾಲಿ ಉಂಟು. ಬರುವ ಮನಸ್ಸಿದ್ದರೆ ತಿಳಿಸತಕ್ಕದ್ದು” ಎಂದರು.

ನಗು, ಚಪ್ಪಾಳೆ, ಶಿಳ್ಳೆ. ಭಾಗವತರ ಮುಖ ಅರಳಿತು. ಅವರಿಗೆ ಮಂಗಳ ಹಾಡಲು ಅಡ್ಡಿ ಏನೂ ಉಳಿದಿರಲಿಲ್ಲ. ಕಣ್ಣು ಮುಚ್ಚಿ, ಸ್ವರ ಏರಿಸಿ, ಮನಸಾರೆ ಹಾಡಿದರು. ಆಮೇಲೆ ಬಿರಿಯಾನಿಯ ಸಾಲಿನಲ್ಲಿ ಸಂಘದ ಹಿರಿಯರು ಸಿಕ್ಕಿ, “ಇತಿಹಾಸವನ್ನೇ ಕೆಡಿಸಿಬಿಟ್ರಲ್ಲ ನೀವು” ಎಂದು ಗೊಣಗಿದರು. ಬೆಟ್ಟದವರ ಇತಿಹಾಸ ಯಾರಿಗೆ ಗೊತ್ತು ಬಿಡಿ ಎಂದೆ.

ಕಾರಿನಲ್ಲಿ ಮನೆಗೆ ಹೋಗುವಾಗ ನಾನು ಟಿಕೆಟ್ ವಿಷಯ ತೆಗೆದರೆ ಜಗಳವಾಗುತ್ತದೆ ಎಂದು ಬಾಯಿ ಬಿಗಿಹಿಡಿದಿದ್ದೆ. ಸಿಗ್ನಲಿನಲ್ಲಿ ನಿಂತಾಗ ನನ್ನ ಗಂಡ ಎದುರು ನೋಡುತ್ತಲೇ ಕೇಳಿದರು.

“ಆ ಹೆಂಗಸು ಗುಂಡಿಯಲ್ಲಿ ಎಷ್ಟು ಹೊತ್ತು ಇದ್ಳಂತೆ?”

“ರೋಮನರು ಬರುವವರೆಗೆ.”

“ಮತ್ತೆ?”

“ಹೊರಗೆ ಬಂದು ನಡೆದದ್ದು ಹೇಳಿದ್ಳು. ಇಲ್ಲದಿದ್ರೆ ನಿಮ್ಮ ಆ ಭಾಷಣ ಯಾರಿಗೆ ಗೊತ್ತಾಗ್ತಿತ್ತು?”

ಹಿಂದಿನ ಸೀಟಿನಿಂದ ಮಗಳು “ಅಪ್ಪಾ, ಗ್ರೀನ್” ಎಂದಳು. ಅವರು ಕಾರು ಮುಂದೆ ಬಿಟ್ಟರು.

ಮುಂದಿನ ಶುಕ್ರವಾರ ಬೆಳಿಗ್ಗೆ ಎಲ್ಲಿಗೆ ಎಂದು ಹೇಳದೆ ನಮ್ಮನ್ನು ಹೊರಡಿಸಿದರು. ಹೋಗಿ ನಿಲ್ಲಿಸಿದ್ದು ಬನಿಯಾಸಿನ ಆ ವಿಲ್ಲಾದ ಎದುರು. ಸಾಹೇಬರು ಕೆಫೆಟೇರಿಯಾಕ್ಕೆ ಹೋಗಿದ್ದರು, ಅವರ ಹೆಂಡತಿ ಬಾಗಿಲು ತೆರೆದರು. ದುಂಡಗಿನ ಮುಖದ, ದೊಡ್ಡ ಸ್ವರದ ಹೆಂಗಸು. ಕೋಣೆ ತೋರಿಸಿದರು. ಮೂರು ಹಾಸಿಗೆ ಹಾಸಿದರೆ ನಡೆಯಲು ಒಂದು ಪಟ್ಟಿ ಜಾಗ ಉಳಿಯುತ್ತದೆ. ಅಡುಗೆಮನೆಯಲ್ಲಿ ಮೀನಿನ ಒಗ್ಗರಣೆಯ ಪರಿಮಳ. ಬಾತ್‌ರೂಮು ಚೊಕ್ಕಟ, ಆದರೆ ಚಿಕ್ಕದು.

“ಒಂದೇ ಕಾನೂನು” ಎಂದರು ಆಕೆ. “ಬಾತ್‌ರೂಮು ತೊಳಿಲಿಕ್ಕೆ ತಿಂಗಳಿಗೊಮ್ಮೆ ಚೀಟಿ ಎತ್ತುದು. ಗಂಡಸ್ರದ್ದೂ ಹೆಸರು ಹಾಕ್ತೇವೆ. ಯಾರ ಹೆಸರು ಬಂತೋ, ಆ ತಿಂಗಳು ಅವರು.”

ನನ್ನ ಗಂಡನ ಮುಖ ಕೆಂಪಾಯಿತು. ಈಗ ತಿರುಗಿ ಮೆಟ್ಟಿಲಿಳಿಯುತ್ತಾರೆ ಎಂದುಕೊಂಡೆ. ಅವರು ನನ್ನತ್ತ ತಿರುಗಿದರು.

“ನಿನಗೆ ಆಗ್ತದಾ ಇಲ್ಲಿ?”

ಮದುವೆಯಾದ ಮೇಲೆ ಅವರು ಯಾವ ವಿಷಯದಲ್ಲೂ ಮೊದಲು ನನ್ನನ್ನು ಕೇಳಿದ್ದು ನೆನಪಿಲ್ಲ. ಸೋಫಾದ ಬಣ್ಣ ಕೂಡ ಕೇಳಿರಲಿಲ್ಲ. ಕಣ್ಣು ತುಂಬಿ ಬಂತು. ಹೌದೆಂದು ತಲೆ ಆಡಿಸಿದೆ.

“ಅವರಿಗೆ ಆಗ್ತದೆ ಅಣ್ಣ” ಎಂದರು ಸಾಹೇಬರ ಹೆಂಡತಿ. “ನಿಮಗೆ ಆಗ್ತದಾ ಹೇಳಿ.”

ಅವರು ಮಗಳತ್ತ ನೋಡಿದರು. ಅವಳು ಕಿಟಕಿಯ ಹತ್ತಿರದ ಮೂಲೆಗೆ ಓಡಿ, “ದಿಸ್ ಸೈಡ್ ಈಸ್ ಮೈನ್” ಎಂದು ಜಾಗ ಹಿಡಿದಾಗಿತ್ತು.

ಟಿಕೆಟ್ ರದ್ದಾಯಿತು. ಪರೀಕ್ಷೆ ಮುಗಿದ ಮರುದಿನವೇ ಸಾಮಾನು ಸಾಗಿಸಿ ಬನಿಯಾಸಿಗೆ ಬಂದೆವು. ಆ ಸಂಜೆಯೇ ಚೀಟಿ ಬರೆದು ಸ್ಟೀಲಿನ ಡಬ್ಬಿಗೆ ಹಾಕಿ, ಸಾಹೇಬರ ಮಗಳ ಕೈಯಲ್ಲಿ ಎತ್ತಿಸಿದರು. ಸಾಹೇಬರು ಚೀಟಿ ಬಿಡಿಸಿ, ಅದೇ ಸೇನಾಪತಿಯ ಸ್ವರದಲ್ಲಿ ಸಾವಕಾಶವಾಗಿ ಹೆಸರು ಓದಿದರು. ನನ್ನ ಗಂಡನ ಹೆಸರು.

ಎಲ್ಲರೂ ಅವರ ಮುಖ ನೋಡಿದೆವು. ಅವರು ಎದ್ದು ಪಂಚೆ ಎತ್ತಿ ಕಟ್ಟಿದರು.

“ಬ್ರಶ್ ಎಲ್ಲಿ ಉಂಟು?” ಎಂದು ಕೇಳಿದರು.